ಮುಗಿಯದ ಗೋರಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಕೋರ್ಟು, ಆಸ್ಪತ್ರೆ, ಸಂತೆಯ ಕೆಲಸಕ್ಕೆಂದು ವಿಜಯಪುರಕ್ಕೆ ಬರುವ ನಮ್ಮವರಿಗೆ ಬಾರಾ ಕಮಾನ್ ಹೊಸತಲ್ಲ. ಛಾವಣಿಯಿಲ್ಲದೆ ನಿಂತಿರುವ ಆ ಕರಿಗಲ್ಲಿನ ಕಮಾನುಗಳ ನಡುವೆ ಸುಲ್ತಾನ ಎರಡನೆಯ ಅಲಿ ಆದಿಲ್‌ಶಾಹನ ಕಬರ್ ಇದೆ.

ಅಲಿ ಹುಟ್ಟಿದ್ದು 1638ರಲ್ಲಿ. 1656ರಲ್ಲಿ ತಂದೆ ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡಾಗ ಹದಿನೆಂಟರ ತರುಣನಾದ ಆತ ಸಿಂಹಾಸನವೇರಿದ. ತಂದೆಯ ಗೋರಿಯೇ ಗೋಲಗುಮ್ಮಟ. ಅದರ ಗುಮ್ಮಟದ ಒಳ ಅಗಲವೇ ಸುಮಾರು 124 ಅಡಿ. ಅದನ್ನೂ ಮೀರಿಸುವ ಗೋರಿ ತನಗಿರಬೇಕೆಂದು ಮಗ ಬಯಸಿದ. ಆಳ್ವಿಕೆಯ ಆರಂಭದಲ್ಲೇ ಸುಮಾರು 215 ಅಡಿ ಉದ್ದಗಲದ ಕಟ್ಟೆಯ ಮೇಲೆ ಕಮಾನುಗಳು ಏಳತೊಡಗಿದವು. ಸಾವಿನ ನೆನಪು ಆಸೆಯನ್ನು ಅಡಗಿಸುತ್ತದೆ ಎನ್ನುತ್ತೇವೆ. ಇಲ್ಲಿ ಸಾವಿನ ನೆನಪೇ ಆಸೆಗೆ ದಾರಿಯಾಯಿತು!

ಆದರೆ ಕಾಲ ಆತನಿಗೆ ಬಿಡುವು ಕೊಡಲಿಲ್ಲ. 1657ರಲ್ಲಿ ಮೊಗಲರು ಬೀದರ, ಕಲ್ಯಾಣಗಳನ್ನು ಕಿತ್ತುಕೊಂಡರು. 1659ರಲ್ಲಿ ಸೇನಾನಿ ಅಫ್ಜಲ್‌ಖಾನ್ ಪ್ರತಾಪಗಡದಲ್ಲಿ ಹತನಾದ. 1665ರ ಕೊನೆಯಲ್ಲಿ ಜಯಸಿಂಹನ ಮೊಗಲ ಸೈನ್ಯ ರಾಜಧಾನಿಯ ಸಮೀಪಕ್ಕೇ ಬಂತು. ಶತ್ರುವಿಗೆ ನೀರು, ನೆರಳು ಸಿಗದಿರಲೆಂದು ಊರ ಸುತ್ತಲಿನ ಬಾವಿಗಳನ್ನು ಕೆಡಿಸಲಾಯಿತು, ಮರಗಳನ್ನು ಕಡಿಯಲಾಯಿತು. ಸೈನ್ಯ ಹಿಂದಿರುಗಿತು, ಹಾಳಾದ ಬಾವಿಗಳು ರೈತರ ಪಾಲಿಗೆ ಉಳಿದವು.

ಅಲಿ ಗುಣಹೀನನಾಗಿರಲಿಲ್ಲ. ದಖನಿ ಭಾಷೆಯ ಮೇಲೆ ಆತನಿಗೆ ಅಪಾರ ಪ್ರೀತಿ. ಶಾಹಿ ಎಂಬ ಹೆಸರಿನಲ್ಲಿ ತಾನೇ ಕವಿತೆ ಬರೆದ. ಕವಿ ನುಸ್ರತಿಗೆ ಆಶ್ರಯವಿತ್ತ. ಆ ಕಾವ್ಯಗಳು ಇಂದಿಗೂ ಉಳಿದಿವೆ. ಗೋರಿ ಮಾತ್ರ ಪೂರ್ಣವಾಗಲಿಲ್ಲ. 1672ರ ನವೆಂಬರ್‌ನಲ್ಲಿ, ಮೂವತ್ನಾಲ್ಕರ ಪ್ರಾಯದಲ್ಲಿ, ಆತ ಇಹಲೋಕ ತ್ಯಜಿಸಿದ. ಎಳೆಯ ಮಗು ಸಿಕಂದರ್ ಪಟ್ಟಕ್ಕೆ ಬಂದ. ಸರದಾರರು ಅಧಿಕಾರಕ್ಕಾಗಿ ಕಚ್ಚಾಡಿದರು. 1686ರಲ್ಲಿ ಔರಂಗಜೇಬನು ನಗರವನ್ನು ಗೆದ್ದಾಗ ಆ ರಾಜ್ಯವೇ ಮುಗಿಯಿತು.

ಮಹತ್ವಾಕಾಂಕ್ಷೆ ಪಾಪವೇ? ಅಲ್ಲ. ಅದನ್ನು ಮಾನವ ಪ್ರಕೃತಿಯಲ್ಲಿಟ್ಟವನು ಅಲ್ಲಾಹನೇ. ಆಸೆಯಿಲ್ಲದಿದ್ದರೆ ರೈತ ಬಿತ್ತಲಾರ, ವಿದ್ಯಾರ್ಥಿ ಓದಲಾರ. ಇಸ್ಲಾಮ್ ಅದನ್ನು ಕೊಲ್ಲೆನ್ನುವುದಿಲ್ಲ; ಅದಕ್ಕೊಂದು ದಿಕ್ಕು ಕೊಡುತ್ತದೆ. ಕಬರ್‌ಗಳ ಮೇಲೆ ಕಟ್ಟಡ ಕಟ್ಟುವುದನ್ನು ಪ್ರವಾದಿವರ್ಯರು(ಸ) ತಡೆದರು. ನಿರಂತರ ದಾನ, ಉಪಯುಕ್ತ ಜ್ಞಾನ, ಪ್ರಾರ್ಥಿಸುವ ಸತ್ಸಂತಾನ ಇವು ಸತ್ತವನಿಗೂ ಫಲ ಕೊಡುತ್ತವೆಂದು ಕಲಿಸಿದರು.

ನಾವು ಸುಲ್ತಾನರಲ್ಲ. ಆದರೂ ಅಣ್ಣನ ಮನೆಗಿಂತ ಒಂದು ಅಂತಸ್ತು ಹೆಚ್ಚು, ನೆಂಟರ ಮದುವೆಗಿಂತ ದೊಡ್ಡ ಊಟ, ಅದಕ್ಕಾಗಿ ಸಾಲ – ನಮ್ಮ ಮನೆಗಳಲ್ಲೂ ಒಂದೊಂದು ಬಾರಾ ಕಮಾನ್ ಏಳುತ್ತಲೇ ಇದೆ. ಮರಣ ಯಾರ ಕೆಲಸ ಮುಗಿಯಲೆಂದೂ ಕಾಯುವುದಿಲ್ಲ. ಆದರೆ ಒಳಿತಿನ ಸಂಕಲ್ಪ ಮಾಡಿ, ಅದನ್ನು ಪೂರೈಸಲಾಗದೆ ಹೋದವನಿಗೂ ಅಲ್ಲಾಹನ ಬಳಿ ಪ್ರತಿಫಲವಿದೆ. ಅರ್ಧಕ್ಕೆ ನಿಂತರೂ ನಷ್ಟವಾಗದಂತಹ ಆಸೆಯನ್ನೇ ನಾವೇಕೆ ಆರಿಸಿಕೊಳ್ಳಬಾರದು?