ಕೇರಿಯವರ ಕನ್ನಡ, ಡೊರತಿಯವರ ಕಣ್ಣೀರು

ಚಿಟಗುಪ್ಪದ ಪೇಟೆಯಲ್ಲಿ ಒಂದು ಗಳಿಗೆ ನಿಂತರೆ ಕನ್ನಡದೊಡನೆ ಮರಾಠಿ, ತೆಲುಗು, ಉರ್ದು ಮಾತುಗಳೂ ಕಿವಿಗೆ ಬೀಳುತ್ತವೆ. ಇವುಗಳಲ್ಲಿ ಮರಾಠಿ, ತೆಲುಗು, ಕನ್ನಡಗಳಿಗೆ ವ್ಯಾಕರಣ ಬರೆದ ಒಬ್ಬ ವಿದೇಶೀಯರು ನಮ್ಮ ಈ ಸೀಮೆಯಿಂದ ನೂರಾರು ಹರದಾರಿ ದೂರದ ಬಂಗಾಳದಲ್ಲೇ ಬಾಳಿ ಅಲ್ಲಿಯೇ ಮಣ್ಣಾದರು. ಅವರೇ ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಬೋಧಕ ವಿಲಿಯಂ ಕೇರಿ. ಶಿಶುಗಳ ಜ್ಞಾನಸ್ನಾನದ ವಿಷಯದಲ್ಲಿ ಆ ಪಂಗಡಕ್ಕೂ ನಮ್ಮ ಧರ್ಮಸಭೆಗೂ ಒಮ್ಮತವಿಲ್ಲ. ಆದರೂ ಅವರ ಬಾಳನ್ನು ನಮ್ಮ ಕಥೋಲಿಕ ಕುಟುಂಬಗಳು ಅರಿತಿರುವುದು ಯೋಗ್ಯವೆಂದು ನಾವು ಭಾವಿಸುತ್ತೇವೆ.

ಕೇರಿಯವರು 1761ರಲ್ಲಿ ಪಾಲರ್ಸ್‌ಪುರಿ ಎಂಬ ಹಳ್ಳಿಯಲ್ಲಿ ನೇಕಾರನ ಮಗನಾಗಿ ಜನಿಸಿದರು. ಪಾದರಕ್ಷೆ ಹೊಲಿಯುವ ಕಸುಬು ಮಾಡುತ್ತಲೇ ಲತೀನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಕಲಿತರು. ನಮ್ಮ ಸಂತ ಫ್ರಾನ್ಸಿಸ್ ಕ್ಸೇವಿಯರ್ 1542ರಲ್ಲಿಯೇ ಗೋವೆಗೆ ಬಂದಿದ್ದರೂ, ಅಂದಿನ ಇಂಗ್ಲೆಂಡಿನ ಬ್ಯಾಪ್ಟಿಸ್ಟರಲ್ಲಿ ಪರನಾಡುಗಳಿಗೆ ಶುಭಸಂದೇಶ ಒಯ್ಯುವ ವಿಚಾರವೇ ಹಲವರಿಗೆ ಅಸಂಗತವಾಗಿ ತೋರುತ್ತಿತ್ತು. ಕೇರಿಯವರ ಒತ್ತಾಯದಿಂದ 1792ರ ಅಕ್ಟೋಬರ್ 2ರಂದು ಕೆಟರಿಂಗ್ ಪಟ್ಟಣದಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ಕೆಲವರು ಕೂಡಿ ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿಯನ್ನು ಸ್ಥಾಪಿಸಿದರು. ಮೊದಲ ವಂತಿಗೆ 13 ಪೌಂಡು, 2 ಷಿಲಿಂಗು, 6 ಪೆನ್ಸ್. ಅದೂ ನಗದಲ್ಲ, ಕೊಡುತ್ತೇವೆಂದು ಬರೆದು ನಶ್ಯದ ಡಬ್ಬಿಯಲ್ಲಿ ಹಾಕಿದ ಚೀಟಿಗಳು.

ಚರಿತ್ರೆಯಲ್ಲಿ ಹೆಚ್ಚಾಗಿ ಕಾಣದ ಒಂದು ಮುಖವಿದೆ. ಅದು ಕೇರಿಯವರ ಪತ್ನಿ ಡೊರತಿಯವರದು. ತನ್ನ ಊರಿನ ಸುತ್ತಮುತ್ತ ಬಿಟ್ಟು ಹೋಗದಿದ್ದ ಆಕೆ ಭಾರತಕ್ಕೆ ಬರಲು ಒಪ್ಪಲಿಲ್ಲ. ಕೇರಿಯವರು ಹಿರಿಯ ಮಗನನ್ನಷ್ಟೇ ಕರೆದುಕೊಂಡು ಹೊರಟಿದ್ದರು. ಹಡಗಿನ ತೊಡಕಿನಿಂದ ಪಯಣ ತಡವಾದಾಗ ಮರಳಿ ಬಂದು ಆಕೆಯನ್ನು ಒಡಂಬಡಿಸಲಾಯಿತು. ತಂಗಿಯೂ ಜೊತೆಗೆ ಬರಬೇಕೆಂಬುದಷ್ಟೇ ಆಕೆಯ ಷರತ್ತು. ಎದೆಹಾಲಿನ ಕೂಸಿನೊಡನೆ ಐದು ತಿಂಗಳ ಸಮುದ್ರಯಾನ ಮುಗಿಸಿ ಅವರು 1793ರ ನವೆಂಬರಿನಲ್ಲಿ ಕಲ್ಕತ್ತೆ ಮುಟ್ಟಿದರು. ಮರುವರ್ಷ ಐದು ವರ್ಷದ ಮಗ ಪೀಟರ್ ರಕ್ತಭೇದಿಯಿಂದ ತೀರಿಕೊಂಡನು. ಆ ಎಳೆಯನ ಕುಣಿ ತೋಡಲು ಜಾತಿಯ ಭಯದಿಂದ ಸುಲಭವಾಗಿ ಯಾರೂ ಮುಂದೆ ಬರಲಿಲ್ಲ. ತಾಯಿಯ ಮನಸ್ಸು ಅಲ್ಲಿಗೆ ಕದಡಿತು. 1807ರಲ್ಲಿ ಸಾಯುವವರೆಗೂ ತಿಳಿಯಾಗಲಿಲ್ಲ. ಆಕೆಯ ಗೋಳು ಕೇಳಿಬರುವ ಮನೆಯಲ್ಲಿಯೇ ಕೇರಿಯವರು ಪವಿತ್ರಗ್ರಂಥವನ್ನು ಬಂಗಾಳಿಗೆ ಅನುವಾದಿಸುತ್ತಿದ್ದರು. ಒಬ್ಬನಿಗೆ ಬಂದ ದೈವಕರೆಯ ಭಾರವನ್ನು ಆ ಕರೆ ಕೇಳಿಸದ ಇನ್ನೊಬ್ಬರ ಹೆಗಲಿಗೆ ಏರಿಸಬಹುದೇ? ನಮ್ಮಂತಹ ಬ್ರಹ್ಮಚಾರಿಗಳಿಗೆ ಈ ಪ್ರಶ್ನೆ ಸುಲಭವೆನಿಸಬಹುದು. ಕೇರಿಯವರ ತಾಳ್ಮೆಯನ್ನು ನಾವು ಗೌರವಿಸುತ್ತೇವೆ. ಆದರೆ ಆಕೆ ತೆತ್ತ ಬೆಲೆಯನ್ನು ಅವರ ತ್ಯಾಗದ ಲೆಕ್ಕಕ್ಕೆ ಬರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಈಸ್ಟ್ ಇಂಡಿಯಾ ಕಂಪನಿಯು ಮಿಷನರಿಗಳನ್ನು ಸಹಿಸುತ್ತಿರಲಿಲ್ಲವಾದುದರಿಂದ 1800ರಲ್ಲಿ ಕೇರಿಯವರು ಡೇನರ ಆಳ್ವಿಕೆಯ ಶ್ರೀರಾಮಪುರವನ್ನು ಸೇರಿದರು. ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಅವರ ಸಂಗಾತಿಗಳು. ಗಳಿಸಿದ್ದೆಲ್ಲ ಒಂದೇ ಬೊಕ್ಕಸಕ್ಕೆ; ಊಟ ಒಂದೇ ಪಂಕ್ತಿಯಲ್ಲಿ. ನಮ್ಮ ಸನ್ಯಾಸಿಗಳ ಮಠಜೀವನವನ್ನು ಈ ಪ್ರೊಟೆಸ್ಟೆಂಟರು ತಮಗರಿವಿಲ್ಲದೆ ಅನುಸರಿಸಿದಂತಿತ್ತು! ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ, ಸಂಸ್ಕೃತ, ಮರಾಠಿ ಕಲಿಸಿ ಕೇರಿಯವರು ಪಡೆದ ಸಂಬಳವೂ ಆ ಬೊಕ್ಕಸಕ್ಕೇ ಸಂದಿತು.

1812ರ ಮಾರ್ಚ್ 11ರ ರಾತ್ರಿ ಮುದ್ರಣಾಲಯಕ್ಕೆ ಬೆಂಕಿ ಬಿದ್ದಿತು. ಅಚ್ಚಿನ ಮೊಳೆಗಳು ಕರಗಿ ಗಟ್ಟಿಯಾದವು. ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿ, ತೆಲುಗು ವ್ಯಾಕರಣ, ಬಹುಭಾಷಾ ನಿಘಂಟು ಬೂದಿಯಾದವು. ಮೊಳೆ ಎರಕಕ್ಕೆ ಬೇಕಾದ ಉಕ್ಕಿನ ಅಚ್ಚುಗಳು ಮಾತ್ರ ಉಳಿದಿದ್ದವು. ಆಗ ಐವತ್ತು ವರ್ಷದವರಾಗಿದ್ದ ಕೇರಿಯವರು ಮೊದಲಿನಿಂದ ಮತ್ತೆ ಕೈಹಾಕಿದರು. ಕನ್ನಡ ವ್ಯಾಕರಣ 1817ರಲ್ಲಿಯೂ, ಕನ್ನಡ ಹೊಸ ಒಡಂಬಡಿಕೆ 1820ರ ದಶಕದ ಮೊದಲ ವರ್ಷಗಳಲ್ಲಿಯೂ ಹೊರಬಂದವು. ಆ ಅನುವಾದ ನಮ್ಮ ಜನರ ನಾಲಗೆಗೆ ಹತ್ತಲಿಲ್ಲವೆಂಬುದನ್ನು ಮರೆಮಾಚಬೇಕಿಲ್ಲ. ಭಾಷೆಯನ್ನು ಪಂಡಿತರ ಬಾಯಿಂದ ಅರಿಯುವುದು ಬೇರೆ, ಸಂತೆಯಲ್ಲಿ ಕೇಳುವುದು ಬೇರೆ. ಬಳ್ಳಾರಿಯಲ್ಲಿ ಕನ್ನಡಿಗರ ನಡುವೆಯೇ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ನಮ್ಮ ಬಲಿಪೂಜೆಗೆ ಕನ್ನಡ ಬಂದುದು ಮಾತ್ರ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ. ಈ ವಿಷಯದಲ್ಲಿ ಬಿಗುಮಾನಪಡಲು ನಮಗೇನೂ ಕಾರಣವಿಲ್ಲ.

ಬೆಂಕಿಯ ನಷ್ಟಕ್ಕೆ ಇಂಗ್ಲೆಂಡಿನ ಭಕ್ತರು ಧಾರಾಳವಾಗಿ ನೆರವಾದರು. ಆದರೆ ಸೊಸೈಟಿಯ ಮೊದಲ ಕಾರ್ಯದರ್ಶಿ ಆಂಡ್ರೂ ಫುಲ್ಲರ್ 1815ರಲ್ಲಿ ತೀರಿಕೊಂಡ ಮೇಲೆ, ಶ್ರೀರಾಮಪುರದ ಆಸ್ತಿ ಯಾರ ಅಧೀನವೆಂಬ ವ್ಯಾಜ್ಯ ಬೆಳೆಯಿತು. ನಶ್ಯದ ಡಬ್ಬಿಯ ಸುತ್ತ ಕುಳಿತಿದ್ದವರ ವಾರಸುದಾರರು ದಸ್ತಾವೇಜುಗಳನ್ನು ಕೇಳಲಾರಂಭಿಸಿದರು. ತಮ್ಮ ದುಡಿಮೆಯನ್ನೆಲ್ಲ ಧಾರೆಯೆರೆದಿದ್ದ ವೃದ್ಧರಿಗೆ ಅದು ಅವಮಾನವೆನಿಸಿತು. 1827ರಲ್ಲಿ ಕೇರಿಯವರೂ ಅವರ ಸಂಗಡಿಗರೂ ತಾವು ಹುಟ್ಟುಹಾಕಿದ ಸೊಸೈಟಿಯಿಂದಲೇ ಬೇರ್ಪಟ್ಟರು. ಎರಡು ವರ್ಷಗಳ ಬಳಿಕ ಸತಿ ಪದ್ಧತಿಯನ್ನು ನಿಷೇಧಿಸುವ ಕಾಯಿದೆ ಕೈಸೇರಿದಾಗ, ಅವರು ಭಾನುವಾರದ ಬೋಧನೆಯನ್ನೂ ಬಿಟ್ಟು ಅದನ್ನು ಅಂದೇ ಬಂಗಾಳಿಗೆ ಅನುವಾದಿಸಿದರು. 1834ರ ಜೂನ್ 9ರಂದು ಶ್ರೀರಾಮಪುರದಲ್ಲಿ ನಿಧನರಾದರು. ಭಾರತಕ್ಕೆ ಬಂದ ಮೇಲೆ ಸ್ವದೇಶಕ್ಕೆ ಒಮ್ಮೆಯೂ ಮರಳಿರಲಿಲ್ಲ.

ಸೊಸೈಟಿಯೂ ಶ್ರೀರಾಮಪುರವೂ 1837ರಲ್ಲಿ ಮತ್ತೆ ಒಂದಾದವು. ಅದನ್ನು ಕಾಣಲು ಕೇರಿಯವರು ಉಳಿದಿರಲಿಲ್ಲ.