ನಡೆದುಕೊಂಡೇ ಕೆಲಸ ಕೇಳಲು ಹೋದ ಎ.ಕೆ. ಗೋಪಾಲನ್

ಬೆಳಗಿನ ಮಾರಿಕುಪ್ಪಂ ರೈಲು ಮಾಲೂರಿಗೆ ಬರುವಷ್ಟರಲ್ಲಿ ತುಂಬಿರುತ್ತದೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನವರಿಗೂ ಬೆಂಗಳೂರೇ ಗತಿ. ಮುಳಬಾಗಿಲು, ಶ್ರೀನಿವಾಸಪುರದವರು ಬಸ್ಸು ಹಿಡಿಯುತ್ತಾರೆ. ಬಿ.ಕಾಂ. ಮುಗಿಸಿದ ನಮ್ಮ ಭಾಯಿಜಾನ್ ಎಂಟು ತಿಂಗಳಿಂದ ಹೀಗೆಯೇ ಕೆಲಸ ಹುಡುಕುತ್ತಿದ್ದಾರೆ. ಅದಕ್ಕೇ ನಾನು ಗೋಪಾಲನ್ ಅವರ ಬಗ್ಗೆ ಬರೆಯುತ್ತಿದ್ದೇನೆ.

ಅವರು ಹುಟ್ಟಿದ್ದು 1904ರಲ್ಲಿ, ಕಣ್ಣೂರಿನ ಹತ್ತಿರ. ಕೆಲವು ವರ್ಷ ಶಾಲಾ ಮೇಷ್ಟ್ರಾಗಿದ್ದರು. 1930ರಲ್ಲಿ ಕೆಲಸ ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಸೇರಿ ಜೈಲಿಗೆ ಹೋದರು. ಮರುವರ್ಷ ಗುರುವಾಯೂರು ದೇವಸ್ಥಾನಕ್ಕೆ ಎಲ್ಲ ಜಾತಿಯವರನ್ನೂ ಬಿಡಬೇಕೆಂಬ ಸತ್ಯಾಗ್ರಹದಲ್ಲಿ ಸ್ವಯಂಸೇವಕರ ನಾಯಕರಾಗಿ ಏಟು ತಿಂದರು.

ಆಗ ಪ್ರಪಂಚದಲ್ಲೆಲ್ಲ ಆರ್ಥಿಕ ಕುಸಿತ. ಮಲಬಾರಿನಲ್ಲಿ ತೆಂಗಿನಕಾಯಿಗೆ ಬೆಲೆ ಇಲ್ಲ, ಜನರಿಗೆ ಕೆಲಸವಿಲ್ಲ. ಮಲಬಾರು ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಸರ್ಕಾರ ಇದ್ದದ್ದು ಮದ್ರಾಸಿನಲ್ಲಿ. 1936ರಲ್ಲಿ ಗೋಪಾಲನ್ ಒಂದು ಚಿಕ್ಕ ತಂಡ ಕಟ್ಟಿಕೊಂಡು ಕಣ್ಣೂರಿನಿಂದ ಮದ್ರಾಸಿಗೆ ಕಾಲ್ನಡಿಗೆಯಲ್ಲೇ ಹೊರಟರು. ಇಂದು ರೈಲಿನಲ್ಲಿ ಹೋದರೂ ಒಂದು ರಾತ್ರಿ ಹಿಡಿಯುವ ದೂರ. ದಾರಿಯುದ್ದಕ್ಕೂ ಸಭೆ, ಭಾಷಣ. ಅದಕ್ಕೆ ಹಸಿವಿನ ಜಾಥಾ ಎಂದೇ ಹೆಸರಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಜಾರೋ ಊರಿನಿಂದ ಇನ್ನೂರು ನಿರುದ್ಯೋಗಿಗಳು ಲಂಡನ್‌ಗೆ ನಡೆದರು. ನಮ್ಮನ್ನು ಆಳುತ್ತಿದ್ದ ದೇಶದಲ್ಲೂ ಅದೇ ಗೋಳು!

ಇದನ್ನು ಓದಿ ಹೇಳಿದಾಗ ಭಾಯಿಜಾನ್ ನಕ್ಕು, ನಡೆದರೆ ಕೆಲಸ ಸಿಗುತ್ತಾ ಎಂದು ಕೇಳಿದರು. ಜಾರೋದವರಿಗಂತೂ ಸಿಗಲಿಲ್ಲ. ಆದರೆ ಗೋಪಾಲನ್ ಕಥೆ ಅಲ್ಲಿಗೆ ಮುಗಿಯುವುದಿಲ್ಲ.

ಸ್ವಾತಂತ್ರ್ಯ ಬಂದ ದಿನವೂ ಅವರು ಜೈಲಿನಲ್ಲೇ ಇದ್ದರು. ವಿಚಾರಣೆಯಿಲ್ಲದೆ ಬಂಧಿಸಿಟ್ಟಿದ್ದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿ 1950ರಲ್ಲಿ ಸೋತರು. ಕಾನೂನು ಓದುವವರು ಈಗಲೂ ಆ ಮೊಕದ್ದಮೆಯನ್ನು ಓದುತ್ತಾರೆ. 1952ರಲ್ಲಿ ಲೋಕಸಭೆಗೆ ಹೋದರು. 1957ರಿಂದ ಮೂರು ಸಲ ಗೆದ್ದದ್ದು ಕನ್ನಡಿಗರೂ ಇರುವ ಕಾಸರಗೋಡಿನಿಂದ.

ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಬಹಳ ಹಿಡಿಸಿದ್ದು ಕಾಫಿ ಹೌಸ್ ವಿಷಯ. ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಅಡುಗೆಯವರು, ಸಪ್ಲೈಯರ್‌ಗಳು ಬೀದಿಗೆ ಬೀಳುವ ಸ್ಥಿತಿ ಬಂತು. ಗೋಪಾಲನ್ ಅವರ ಪರ ಹೋರಾಡಿದ್ದಷ್ಟೇ ಅಲ್ಲ, ನೀವೇ ಸಹಕಾರ ಸಂಘ ಮಾಡಿಕೊಂಡು ನಡೆಸಿ ಎಂದು ಮುಂದೆ ನಿಂತು ಸಂಘ ಕಟ್ಟಿಸಿದರು. ಮೊದಲ ಸಂಘ ಶುರುವಾದದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಆಮೇಲೆ ದೆಹಲಿ, ಕೇರಳ ಎಲ್ಲ ಕಡೆ. ಪಾಠದಲ್ಲಿ ಸಹಕಾರ ಸಂಘ ಎಂದರೆ ಒಬ್ಬರಿಗೆ ಒಂದೇ ಓಟು ಎಂದು ಬಾಯಿಪಾಠ ಮಾಡಿದ್ದೆ. ಕಾಫಿ ತಂದಿಡುವವರೇ ಮಾಲೀಕರೂ ಆಗಿರುತ್ತಾರೆಂದು ಹೊಳೆದಿರಲಿಲ್ಲ.

ಗೋಪಾಲನ್ 1977ರಲ್ಲಿ ತೀರಿಕೊಂಡರು. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿದ್ದ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟ್‌ಗೆ ಬಂತು. ಇಂಟರ್‌ವ್ಯೂಗೆ ಹೋದಾಗ ಒಂದು ಸಲ ಭಾಯಿಜಾನ್ ಅಲ್ಲೇ ಕಾಫಿ ಕುಡಿದಿದ್ದರಂತೆ. ಅದು ಯಾರದೆಂದು ನಾನು ಹೇಳಿದ ಮೇಲೆ, ಸ್ವಲ್ಪ ಹೊತ್ತು ಸುಮ್ಮನಿದ್ದು, ಸಂಘ ಮಾಡಲು ಎಷ್ಟು ಜನ ಬೇಕು ಎಂದು ಕೇಳಿದರು. ನಾನು ಪುಸ್ತಕ ತೆಗೆದೆ.