ಹನ್ನೆರಡು ವರ್ಷದ ಜಮಾ-ಖರ್ಚು

ಕನ್ನಡದ ನಟ ಶಂಕರನಾಗ್ ತೀರಿಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ. ಆದರೂ ಅವರ ಬದುಕಿನ ಜಮಾ-ಖರ್ಚು ಬರೆಯಬೇಕೆಂಬ ಆಸೆ ನನಗೆ ಬಹಳ ದಿನಗಳದು. ಕಾಮರ್ಸ್ ಓದುವವನ ಚಾಳಿ, ಗೆಳೆಯರು ಸಹಿಸಿಕೊಳ್ಳಬೇಕು.

ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡದ ಹೊನ್ನಾವರದ ಕಡೆ. ತಾರುಣ್ಯದಲ್ಲಿ ಮುಂಬಯಿ ಸೇರಿದರು. ಅಲ್ಲಿನ ಮರಾಠಿ ರಂಗಭೂಮಿಯೇ ಅವರ ಗರಡಿಮನೆ. ಚಾಪೇಕರ್ ಸಹೋದರರ ಕತೆ ಹೇಳುವ ‘22 ಜೂನ್ 1897’ ಎಂಬ ಮರಾಠಿ ಚಿತ್ರದ ಚಿತ್ರಕಥೆಯಲ್ಲೂ ಅವರ ಕೈಯಿದೆ. ನಾಗಪುರದ ನನ್ನ ಮರಾಠಿ ಗೆಳೆಯರಿಗೆ ಇದನ್ನು ಹೇಳಿದರೆ ಕಣ್ಣರಳಿಸುತ್ತಾರೆ.

ಮೊದಲು ಜಮಾ ನೋಡೋಣ. 1978ರಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಿಂದ ಕನ್ನಡ ತೆರೆಗೆ ಬಂದರು. ಬಾಡಿಗೆ ಸೈನಿಕ ಗಂಡುಗಲಿಯ ಆ ಪಾತ್ರಕ್ಕೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. 1980ರ ‘ಆಟೋರಾಜ’ ಜನರ ಹೀರೋ ಮಾಡಿತು. ಬೆಂಗಳೂರಿನ ಆಟೋಗಳ ಮೇಲೆ ಇವತ್ತಿಗೂ ಅವರ ಚಿತ್ರ ಇರ್ತದೆ. ಹನ್ನೆರಡು ವರ್ಷದಲ್ಲಿ ನಟಿಸಿದ್ದು ಎಂಬತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ.

ಇನ್ನು ಖರ್ಚು. ಬಂದ ಹೆಸರನ್ನು ಅವರು ಗಂಟು ಕಟ್ಟಿಡಲಿಲ್ಲ. ‘ಮಿಂಚಿನ ಓಟ’, ‘ಆಕ್ಸಿಡೆಂಟ್’ನಂಥ ಬೇರೆ ರುಚಿಯ ಚಿತ್ರಗಳನ್ನು ತಾವೇ ನಿರ್ದೇಶಿಸಿದರು. ಸಂಕೇತ್ ತಂಡ ಕಟ್ಟಿ ನಾಟಕ ಆಡಿಸಿದರು. ಬೆಂಗಳೂರಿನಲ್ಲೇ ಧ್ವನಿಮುದ್ರಣ ಆಗಲಿ ಎಂದು ಸಂಕೇತ್ ಸ್ಟುಡಿಯೋ ಮಾಡಿದರು. ಆರ್. ಕೆ. ನಾರಾಯಣರ ಕತೆಗಳನ್ನು ಆಗುಂಬೆಗೆ ತಂದು ‘ಮಾಲ್ಗುಡಿ ಡೇಸ್’ ತೆಗೆದರು. ಹಿಂದಿಯಲ್ಲಿ ಬಂದ ಆ ಧಾರಾವಾಹಿಯ ಸ್ವಾಮಿಯನ್ನು ನಾಗಪುರದ ಹಿರಿಯರೂ ಬಲ್ಲರು. ಅದನ್ನು ಮಾಡಿದವರು ನಮ್ಮ ಆಟೋರಾಜ ಅಂತ ನಾನೇ ಹೇಳಬೇಕು!

1990ರ ಸೆಪ್ಟೆಂಬರ್ 30. ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ ಹೊರಟಿದ್ದರು. ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತಕ್ಕೀಡಾಗಿ ತೀರಿಕೊಂಡರು. ಮೂವತ್ತಾರು ಇನ್ನೂ ತುಂಬಿರಲಿಲ್ಲ. ಅದೇ ಕಾರಿನಲ್ಲಿದ್ದು ಗಾಯಗೊಂಡ ಪತ್ನಿ ಅರುಂಧತಿಯವರು ಚೇತರಿಸಿಕೊಂಡು, ಮುಂದೆ ಬೆಂಗಳೂರಿನಲ್ಲಿ ರಂಗಶಂಕರ ಕಟ್ಟಿ ನಿಲ್ಲಿಸಿದರು. ಅದು ತೆರೆದದ್ದು 2004ರಲ್ಲಿ.

ಕನ್ನಡ ಮಾಧ್ಯಮದಲ್ಲಿ ಓದಿ ಇಷ್ಟು ದೂರ ಬಂದವನಿಗೆ ಇನ್ನು ಕನ್ನಡ ಯಾತಕ್ಕೆ ಅಂತ ನನ್ನನ್ನು ಕೇಳುವವರಿದ್ದಾರೆ. ನನಗೆ ಈ ಲೆಕ್ಕವೇ ಉತ್ತರ. ಶಂಕರನಾಗ್ ಹೊರನಾಡಿನಲ್ಲಿ ಕಲಿತರು, ಕಲಿತದ್ದನ್ನು ಮನೆಗೆ ತಂದರು. ಅವರ ಖಾತೆಯಲ್ಲಿ ವರ್ಷಗಳು ಕಡಿಮೆ ಬಿದ್ದವು, ನಿಜ. ಆದರೆ ಬಾಕಿ ಉಳಿದಿರುವುದು ಅವರ ಕಡೆಯಲ್ಲ, ನಮ್ಮ ಕಡೆ.